ಆರ್ಡೊವಿಸಿಯನ್ ಸುರುಳಿ ನಾಟಿಲಾಯ್ಡ್‌ಗಳು (ಟಾರ್ಫಿಸೆರಿಡಾ): ಯಾವ ಲಕ್ಷಣ ನಂಬಬೇಕು, ಎಲ್ಲಿ ಕೊಯ್ಯಬೇಕು

1. ಶಿಲಾಸುರುಳಿ

ನಾಟಿಲಾಯ್ಡ್ ಅಂದರೆ ನಾಟಿಲಸ್ ಥರದ, ಕೋಣೆಗಳಿರುವ ಚಿಪ್ಪಿನ ಕಡಲಪ್ರಾಣಿ. ಆರ್ಡೊವಿಸಿಯನ್ (ಸುಮಾರು 48ರಿಂದ 44 ಕೋಟಿ ವರ್ಷಗಳ ಹಿಂದಿನ ಕಾಲ) ಸುಣ್ಣಕಲ್ಲಿನಿಂದ ಬಂದ ಸುರುಳಿ ಚಿಪ್ಪು ಅಂದರೆ ಸಾಕು, ಹಳೆಯ ಸಂಗ್ರಹಗಳಲ್ಲಿ ಅದಕ್ಕೆ ‘ನಾಟಿಲಸ್’ ಅಂತಲೋ ‘ಲಿಟುಯಿಟಿಸ್’ ಅಂತಲೋ ಚೀಟಿ ಬಿದ್ದಿರುತ್ತದೆ. ಈಚಿನ ಸಂಗ್ರಹಗಳಲ್ಲಿ ‘ಟಾರ್ಫಿಸೆರಾಸ್’ ಅಂತ ಇರುತ್ತದೆ. ಮೂರೂ ಬಹಳ ಸಲ ತಪ್ಪು. ಬಿಲ್ಲಿಂಗ್ಸ್ 1859ರಲ್ಲಿ ‘ನಾಟಿಲಸ್ ನಟೇಟರ್’ ಎಂದು ಕರೆದದ್ದು ಈಗ ಬರಾಂಡಿಯೋಸೆರಾಸ್. ವರ್ಮಾಂಟಿನ ಫೋರ್ಟ್ ಕ್ಯಾಸಿನ್ ಪದರದಿಂದ ವಿಟ್‌ಫೀಲ್ಡ್ 1886ರಲ್ಲಿ ವಿವರಿಸಿದ ‘ನಾಟಿಲಸ್ ಕೆಲ್ಲೊಗಿ’ ಈಗ ಯೂರಿಸ್ಟೊಮೈಟಿಸ್. ಇವೆರಡಕ್ಕೂ ಇಂದಿನ ನಾಟಿಲಸ್‌ಗೂ ನೇರ ವಂಶದ ನಂಟಿಲ್ಲ. ಸುರುಳಿ ಸುತ್ತುವುದು ಈ ಪ್ರಾಣಿಗಳಲ್ಲಿ ಒಂದೇ ಸಲ ನಡೆದದ್ದಲ್ಲ. ಟಾರ್ಫಿಸೆರಿಡ್‌ಗಳು ಒಮ್ಮೆ ಸುತ್ತಿಕೊಂಡವು, ಲಿಟುಯಿಟಿಡ್‌ಗಳು ಬೇರೆಯಾಗಿ ಸುತ್ತಿಕೊಂಡವು. ಈಚಿನ ಡೆವೋನಿಯನ್ ಕಾಲದಲ್ಲಿ ಆಂಕೊಸೆರಿಡಾ ಗಣದ ಕಡೆಯಿಂದ ಬಂದ ನಾಟಿಲಿಡಾ (ಇಂದಿನ ನಾಟಿಲಸ್ ಇರುವ ಗಣ) ಮತ್ತೊಮ್ಮೆ ಸುತ್ತಿಕೊಂಡಿತು, ಅಮ್ಮೊನಾಯ್ಡ್‌ಗಳದ್ದು (ಅಮ್ಮೊನೈಟ್‌ಗಳ ಗುಂಪು) ಇನ್ನೊಂದು ದಾರಿ. ಹಾಗಾಗಿ ಸುರುಳಿಯ ಆಕಾರ ಪ್ರಭೇದ ಗುರುತಿಸಲು ಉಪಯೋಗಕ್ಕೆ ಬರುತ್ತದೆ. ಗಣ ತೀರ್ಮಾನಿಸಲು ಬರುವುದಿಲ್ಲ.

ಟಾರ್ಫಿಸೆರಿಡಾ ಗಣವನ್ನು ಕಟ್ಟಿದವರು ರೂಸೋ ಫ್ಲವರ್, 1950ರಲ್ಲಿ ಬರ್ನ್‌ಹಾರ್ಡ್ ಕಮ್ಮೆಲ್ ಜೊತೆ ಬರೆದ ಪ್ರಬಂಧದಲ್ಲಿ. ಬರಾಂಡಿಯೋಸೆರಿಡಾ ಗಣವೂ ಅದೇ ಪ್ರಬಂಧದ್ದು. ಟಾರ್ಫಿಸೆರಿಡ್‌ಗಳ ಮೂಲ ಇನ್ನೂ ಹಳೆಯ ಎಲ್ಲೆಸ್ಮೆರೊಸೆರಿಡಾ ಗಣ. ನಡುವಿನ ಕೊಂಡಿ ಬಾಸ್ಲರೊಸೆರಾಸ್ ಥರದ ಚಿಪ್ಪುಗಳು: ಬಾಳೆಕಾಯಿಯ ಹಾಗೆ ಬಾಗಿವೆ, ಇನ್ನೂ ಸುತ್ತಿಕೊಂಡಿಲ್ಲ. ಆರಂಭಿಕ ಆರ್ಡೊವಿಸಿಯನ್ ಮುಗಿಯುವಷ್ಟರಲ್ಲಿ ಪೂರಾ ಸುರುಳಿಗಳು ಬಂದಾಗಿತ್ತು.

ಒಳಗಿನ ಕುಟುಂಬಗಳನ್ನು ಬೇರ್ಪಡಿಸಲು ನೋಡಬೇಕಾದ್ದು ಸೈಫಂಕಲ್, ಅಂದರೆ ಕೋಣೆಗಳನ್ನೆಲ್ಲ ದಾರದ ಹಾಗೆ ಪೋಣಿಸಿಕೊಂಡು ಹೋಗುವ ಕೊಳವೆ. ಕೇಳಬೇಕಾದ ಪ್ರಶ್ನೆ ಎರಡು: ಅದು ಸುತ್ತಿನ ಯಾವ ಬದಿಯಲ್ಲಿದೆ? ಅದರ ಗೋಡೆ ದಪ್ಪವೋ ತೆಳುವೋ?

ಟಾರ್ಫಿಸೆರಾಟಿಡೆಯಲ್ಲಿ (ಟಾರ್ಫಿಸೆರಾಸ್, ಯೂರಿಸ್ಟೊಮೈಟಿಸ್, ಕ್ಯಾಂಪ್‌ಬೆಲೊಸೆರಾಸ್) ಕೊಳವೆ ಹೊಟ್ಟೆಯ ಬದಿ, ಅಂದರೆ ಸುರುಳಿಯ ಹೊರ ಅಂಚಿನ ಹತ್ತಿರ. ಗೋಡೆ ದಪ್ಪ, ಪದರ ಪದರ. ಸುತ್ತುಗಳು ಒಂದಕ್ಕೊಂದು ತಾಗಿ, ಒಳಬದಿಯಲ್ಲಿ ಹಿಂದಿನ ಸುತ್ತು ಒತ್ತಿದ ಸಣ್ಣ ತಗ್ಗು ಇರುತ್ತದೆ. ಟ್ರೊಕೊಲಿಟಿಡೆಯಲ್ಲಿ (ಟ್ರೊಕೊಲೈಟಿಸ್, ಡಿಸ್ಕೊಸೆರಾಸ್) ಬೆಳೆದ ಚಿಪ್ಪಿನ ಕೊಳವೆ ಬೆನ್ನಿನ ಬದಿಗೆ, ಅಂದರೆ ಒಳ ಅಂಚಿಗೆ ಬಂದುಬಿಟ್ಟಿರುತ್ತದೆ. ಎಸ್ಟೋನಿಯೊಸೆರಾಟಿಡೆಯಲ್ಲಿ ಸುರುಳಿ ಸಡಿಲ, ಸುತ್ತುಗಳ ನಡುವೆ ಸಂದು ಉಳಿಯುತ್ತದೆ, ಒತ್ತಿದ ತಗ್ಗು ಇರುವುದಿಲ್ಲ. ಬರಾಂಡಿಯೋಸೆರಿಡ್‌ಗಳಲ್ಲಿ ಕೊಳವೆ ಸಾಮಾನ್ಯವಾಗಿ ನಡುವಿನ ಆಸುಪಾಸು, ಗೋಡೆ ತೆಳು ಮತ್ತು ಏಕರೂಪ. ಈ ಕಡೆಯ ಗುಂಪನ್ನು ಈಗ ಅನೇಕರು ಟಾರ್ಫಿಸೆರಿಡಾ ಒಳಗಿನ ಉಪಗಣವಾಗಿ ಇಡುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಗೋಡೆ ತೆಳುವಾಗುವುದು ಒಂದಕ್ಕಿಂತ ಹೆಚ್ಚು ಸಾಲುಗಳಲ್ಲಿ ನಡೆಯಬಹುದಾದ ಬದಲಾವಣೆ. ಅದೊಂದರ ಮೇಲೆ ಗಣ ನಿಲ್ಲಿಸುವುದು ದುಡುಕು.

ಕೊಯ್ಯುವುದು, ಉಜ್ಜುವುದು ಬಲ್ಲವರು ದಯವಿಟ್ಟು ವಿವರ ಹಾಕಿ.

2. ಬೆಟ್ಟದತಪ್ಪಲು

ಒಂದು ಮೂಲ ಪ್ರಶ್ನೆ. ಮನೆಯ ದೇವರ ಪೀಠದಲ್ಲಿರುವ ಸಾಲಿಗ್ರಾಮದ ಚಕ್ರವೂ ಇಂಥದ್ದೇ ಸುರುಳಿ ಅಲ್ಲವೇ? ಅದು ನಾಟಿಲಾಯ್ಡ್ ಆಗಬಹುದೇ? ಹೊರಗಿಂದಲೇ ಬೇರ್ಪಡಿಸುವುದು ಹೇಗೆ?

3. ಶಿಲಾಸುರುಳಿ

ಗಂಡಕಿಯ ಚಕ್ರದ ಸಾಲಿಗ್ರಾಮಗಳು ಜುರಾಸಿಕ್ ಕಾಲದ ಅಮ್ಮೊನೈಟ್‌ಗಳು. ಹಿಮಾಲಯದ ಕಪ್ಪು ಜೇಡಿಪದರದ ಗಂಟುಗಳೊಳಗೆ ಅಚ್ಚಾಗಿ ಉಳಿದವು. ಆರ್ಡೊವಿಸಿಯನ್ ಚಿಪ್ಪುಗಳಿಗಿಂತ ಮೂವತ್ತು ಕೋಟಿ ವರ್ಷದಷ್ಟು ಈಚಿನವು.

ಬೇರ್ಪಡಿಸಲು ಮೊದಲು ಹೊಲಿಗೆ ಗೆರೆ ನೋಡಿ. ಕೋಣೆಯ ಅಡ್ಡಗೋಡೆ ಹೊರಚಿಪ್ಪಿಗೆ ಸೇರುವ ಗೆರೆ ಅದು, ಚಿಪ್ಪು ಕಳಚಿಹೋದ ಒಳ ಅಚ್ಚಿನ ಮೇಲೆ ಕಾಣುತ್ತದೆ. ಜುರಾಸಿಕ್ ಅಮ್ಮೊನೈಟ್‌ನಲ್ಲಿ ಅದು ಕೊತ್ತಂಬರಿ ಸೊಪ್ಪಿನ ಅಂಚಿನ ಹಾಗೆ ಸೀಳುಸೀಳು. ಟಾರ್ಫಿಸೆರಿಡ್‌ನಲ್ಲಿ ನೇರ, ಇಲ್ಲವೇ ಮೆಲ್ಲಗೆ ಬಾಗಿದ ಗೆರೆ. ಇನ್ನೊಂದು ಗುರುತು ನಡುಕೊಯ್ತದಲ್ಲಿ: ನಾಟಿಲಾಯ್ಡ್‌ನ ಅಡ್ಡಗೋಡೆ ಬಾಯಿಯ ಕಡೆಗೆ ಬಟ್ಟಲಿನಂತೆ ತಗ್ಗಾಗಿರುತ್ತದೆ, ಅಮ್ಮೊನೈಟ್‌ನಲ್ಲಿ ಸಾಮಾನ್ಯವಾಗಿ ಬಾಯಿಯ ಕಡೆಗೆ ಉಬ್ಬಿರುತ್ತದೆ. ಸಾಲಿಗ್ರಾಮದ ಮೇಲೆ ಏಣುಗಳು ಎದ್ದು ಕಂಡು ಹೊಲಿಗೆ ಗೆರೆ ಕಾಣದೇ ಇರಬಹುದು. ಹಾಗೆಂದು ಅದನ್ನು ನಾಟಿಲಾಯ್ಡ್ ಅನ್ನಲಾಗದು, ಏಣು ಎರಡೂ ಗುಂಪುಗಳಲ್ಲಿದೆ.

4. ಸಾಣೆಕಲ್ಲು

ಕೊಯ್ಯುವ ವಿಷಯಕ್ಕೆ ಬರುತ್ತೇನೆ. ಈ ಗುಂಪಿನಲ್ಲಿ ಅರ್ಧಕ್ಕರ್ಧ ತಪ್ಪು ಹೆಸರುಗಳು ಹುಟ್ಟುವುದು ಗರಗಸದ ಬಳಿಯೇ.

ಕೊಯ್ಯುವ ಮೊದಲು ಮಾದರಿಗೆ ನವಸಾಗರದ ಹೊಗೆ ಹಿಡಿದು, ತೆಳು ಬಿಳಿ ಪೊರೆ ಕೂತ ಮೇಲೆ ಎಡಗಡೆಯಿಂದ ತಗ್ಗು ಬೆಳಕು ಬಿಟ್ಟು ಫೋಟೋ ತೆಗೆಯಿರಿ: ಎರಡು ಪಕ್ಕ, ಹೊರ ಅಂಚು, ಬಾಯಿ. ಆಮೇಲೆ ಆ ಪೊರೆಯನ್ನು ತೊಳೆದುಬಿಡಬೇಕು. ತೇವ ಹೀರಿಕೊಂಡರೆ ಅದು ಸುಣ್ಣದ ಮೇಲ್ಮೈಯನ್ನು ತಿನ್ನುತ್ತದೆ. ನಂತರ ಸಿಲಿಕೋನ್ ರಬ್ಬರ್ ಅಚ್ಚು ತೆಗೆದು ಪ್ಲಾಸ್ಟರ್ ಪ್ರತಿ ಮಾಡಿಡಿ. ಕೊಯ್ದ ಮೇಲೆ ಅಳತೆಗೆ ಉಳಿಯುವುದು ಆ ಪ್ರತಿಯೊಂದೇ.

ಕೊಯ್ತ ಎರಡು ಬಗೆ, ಎರಡರ ಕೆಲಸವೂ ಬೇರೆ. ನಡುಕೊಯ್ತ ಅಂದರೆ ಚಪಾತಿಯನ್ನು ದಪ್ಪದಲ್ಲಿ ಎರಡಾಗಿ ಬಿಡಿಸಿದ ಹಾಗೆ, ಸುರುಳಿಯ ಸಮತಲದಲ್ಲೇ. ಇದರಲ್ಲಿ ಕೊಳವೆಯ ಗೋಡೆ, ಅಡ್ಡಗೋಡೆಯ ಕೊರಳು (ಕೊಳವೆ ಹಾಯುವಲ್ಲಿ ಅಡ್ಡಗೋಡೆ ಬಾಗಿ ನಿಂತ ಅಂಚು), ಕೋಣೆಗಳ ಅಂತರ ಕಾಣುತ್ತವೆ. ಅಡ್ಡಕೊಯ್ತ ಅಂದರೆ ಹೊಕ್ಕುಳಿನ (ಸುರುಳಿಯ ಪಕ್ಕದ ನಡುತಗ್ಗು) ನಟ್ಟನಡುವೆ ಹಾಯುವಂತೆ, ಮೊದಲಿನದಕ್ಕೆ ಲಂಬವಾಗಿ. ಇದರಲ್ಲಿ ಪ್ರತಿ ಸುತ್ತೂ ಎರಡು ಸಲ ತುಂಡಾಗುತ್ತದೆ. ಹಾಗಾಗಿ ಅರ್ಧರ್ಧ ಸುತ್ತಿಗೊಮ್ಮೆ ಸುತ್ತಿನ ಆಕಾರವೂ ಕೊಳವೆಯ ಸ್ಥಾನವೂ ಸಿಗುತ್ತದೆ. ಮಾದರಿ ಒಂದೇ ಇದ್ದರೆ ನಾನು ಅಡ್ಡಕೊಯ್ತಕ್ಕೇ ಮೊದಲ ಮತ ಹಾಕುತ್ತೇನೆ. ಎರಡಿದ್ದರೆ ಒಂದೊಂದಕ್ಕೆ ಒಂದೊಂದು.

ನಡುಕೊಯ್ತವನ್ನು ನೇರ ಸಮತಲದಲ್ಲೇ ಗರಗಸ ಇಟ್ಟು ಕೊಯ್ಯಬೇಡಿ. ವಜ್ರದ ಅಲಗೇ ಒಂದೆರಡು ಮಿಲಿಮೀಟರ್ ಕಲ್ಲನ್ನು ಪುಡಿ ಮಾಡಿಬಿಡುತ್ತದೆ, ಅಷ್ಟರಲ್ಲಿ ಸಣ್ಣ ಕೊಳವೆಯೇ ಹೋಗಿರುತ್ತದೆ. ನಡುಗೆರೆಯಿಂದ 2–3 ಮಿ.ಮೀ. ಆಚೆ ಕೊಯ್ದು, ಉಳಿದದ್ದನ್ನು ಗಾಜಿನ ಹಲಗೆಯ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ಉಜ್ಜುತ್ತ ಬನ್ನಿ: 220, ಆಮೇಲೆ 400, 600, 1000. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲನ್ನೂ ಕೈಯನ್ನೂ ಚೆನ್ನಾಗಿ ತೊಳೆಯಬೇಕು. 220ರ ಒಂದು ಕಣ ಉಳಿದರೂ 1000ದ ಮೇಲ್ಮೈಗೆ ಗೀರು ಬೀಳುತ್ತದೆ. ಉಜ್ಜುತ್ತ ಹೋದಂತೆ ಕೊಳವೆ ಅಗಲವಾಗುತ್ತ ಬರುತ್ತದೆ. ಅಗಲವಾಗುವುದು ನಿಂತ ಕ್ಷಣ ನಡುವಿಗೆ ಬಂದಿರಿ ಅಂತ ಅರ್ಥ. ಅಲ್ಲೇ ನಿಲ್ಲಿಸಿ.

ಇದು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ. ಕೊಳವೆಯ ಹೊರವ್ಯಾಸ 5 ಮಿ.ಮೀ., ಗೋಡೆಯ ದಪ್ಪ 0.3 ಮಿ.ಮೀ. ಇದೆ ಅನ್ನಿ. ಸರಿಯಾಗಿ ನಡುವಿನಲ್ಲಿ ಕೊಯ್ದರೆ ಗೋಡೆ 0.3 ಎಂದೇ ಕಾಣುತ್ತದೆ. 1 ಮಿ.ಮೀ. ಆಚೆ ಸರಿದರೆ 0.33, ಏನೂ ನಷ್ಟವಿಲ್ಲ. 2 ಮಿ.ಮೀ. ಸರಿದರೆ 0.58, ಹತ್ತಿರ ಹತ್ತಿರ ಎರಡು ಪಟ್ಟು. ತೆಳು ಗೋಡೆಯ ಬರಾಂಡಿಯೋಸೆರಿಡ್ ಕಣ್ಣೆದುರೇ ದಪ್ಪ ಗೋಡೆಯ ಟಾರ್ಫಿಸೆರಾಟಿಡ್ ಆಗಿಬಿಡುತ್ತದೆ.

ಗೋಡೆ ನಿಜಕ್ಕೂ ಪದರ ಪದರವಾಗಿದೆಯೇ ಎಂದು ತಿಳಿಯಲು ಅಸಿಟೇಟ್ ಪೊರೆ ತೆಗೆಯಿರಿ. ನಯಮಾಡಿದ ಮುಖವನ್ನು ಶೇ. 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10–15 ಸೆಕೆಂಡ್ ಅದ್ದಿ, ನೀರಿನಲ್ಲಿ ಮೆಲ್ಲಗೆ ತೊಳೆದು, ಮುಟ್ಟದೆ ಒಣಗಿಸಿ. ಮುಖವನ್ನು ಮಟ್ಟವಾಗಿಟ್ಟು ಅಸಿಟೋನ್ ಸುರಿದು, ಅಸಿಟೇಟ್ ಹಾಳೆಯನ್ನು ಒಂದು ಅಂಚಿನಿಂದ ಉರುಳಿಸುತ್ತ ಇಳಿಸಿ. ಒಟ್ಟಿಗೆ ಹಾಕಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಎಳೆಯಿರಿ. ಬೇಗ ಎಳೆದರೆ ಹಾಳೆ ಹಿಗ್ಗಿ ಚಿತ್ರ ವಕ್ರವಾಗುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಇಟ್ಟರೆ ಪದರಗಳ ನಡುವಿನ ಸಣ್ಣ ಗೆರೆಗಳೇ ತಿಂದುಹೋಗುತ್ತವೆ. ಅಸಿಟೋನ್ ಇರುವ ಕೋಣೆಯಲ್ಲಿ ಬೆಂಕಿ ಬೇಡ, ಕಿಟಕಿ ತೆರೆದಿರಲಿ.

5. ಹೊಕ್ಕುಳಗೆರೆ

ಸಾಣೆಕಲ್ಲು ಸರ್, ಗೋಡೆ ದಪ್ಪ ಕಂಡರೂ ಅದು ಮೂಲ ಗೋಡೆಯೋ ಆಮೇಲೆ ಬೆಳೆದ ಹರಳೋ ಅಂತ ಹೇಗೆ ಹೇಳುವುದು? ಸ್ಫಟಿಕ ತುಂಬಿದ ಕೋಣೆಗಳಲ್ಲಿ ಗೋಡೆಯ ಎರಡೂ ಕಡೆ ಕ್ಯಾಲ್ಸೈಟ್ ಕೂತು ಒಂದೇ ಪಟ್ಟಿಯ ಹಾಗೆ ಕಾಣುತ್ತದಲ್ಲ.

6. ಸಾಣೆಕಲ್ಲು

ಒಳ್ಳೆಯ ಪ್ರಶ್ನೆ. ಆಮೇಲೆ ಕೂತ ಕ್ಯಾಲ್ಸೈಟ್ ಹರಳುಗಳು ಗೋಡೆಗೆ ಲಂಬವಾಗಿ, ಬಾಚಣಿಗೆಯ ಹಲ್ಲಿನ ಹಾಗೆ ನಿಂತಿರುತ್ತವೆ. ಜೊತೆಗೆ ಅದೇ ಲೇಪ ಅಡ್ಡಗೋಡೆಗಳ ಮೇಲೂ ಹೊರಚಿಪ್ಪಿನ ಒಳಮುಖದ ಮೇಲೂ ಮುಂದುವರಿದಿರುತ್ತದೆ. ಮೂಲ ಗೋಡೆಯ ಪದರಗಳು ಕೊಳವೆಯ ಉದ್ದಕ್ಕೆ ಸಾಗಿ, ಹಿಂದಿನ ಅಡ್ಡಗೋಡೆಯ ಕೊರಳಿನ ಬಳಿ ಮುಗಿಯುತ್ತವೆ. ಕೊರಳಿನಿಂದಾಚೆಗೂ ಅದೇ ದಪ್ಪ ಹರಿದಿದ್ದರೆ ಅದು ಲೇಪ. ಕಡಿಮೆಯೆಂದರೆ ಮೂರು ಕೋಣೆಗಳಲ್ಲಿ ಒಂದೇ ರೀತಿ ಕಂಡರಷ್ಟೇ ಗೋಡೆಯ ರಚನೆಯ ಬಗ್ಗೆ ಬರೆಯಿರಿ. ಒಂದು ಕೋಣೆಯ ಸಾಕ್ಷ್ಯದ ಮೇಲೆ ಕುಟುಂಬ ತೀರ್ಮಾನಿಸಿದ ವಿವರಣೆಗಳು ನಿಲ್ಲುವುದಿಲ್ಲ.

7. ಶಿಲಾಸುರುಳಿ

ಅಡ್ಡಕೊಯ್ತ ಮೊದಲು ಅಂತ ಸಾಣೆಕಲ್ಲು ಹೇಳಿದ್ದಕ್ಕೆ ಬಲವಾದ ಕಾರಣವಿದೆ. ಟ್ರೊಕೊಲಿಟಿಡ್‌ಗಳಲ್ಲಿ ಕೊಳವೆ ಹುಟ್ಟಿನಿಂದ ಬೆನ್ನಿನ ಬದಿಗೆ ಇರುವುದಿಲ್ಲ. ಮರಿಹಂತದಲ್ಲಿ ಹೊಟ್ಟೆಯ ಬದಿಯಲ್ಲಿದ್ದು, ಬೆಳೆಯುತ್ತ ನಡುವನ್ನು ದಾಟಿ ಬೆನ್ನಿಗೆ ಸರಿಯುತ್ತದೆ. ಹೊರಸುತ್ತು ಒಡೆದುಹೋಗಿ ಒಳಗಿನ ಪುಟ್ಟ ಸುರುಳಿಯಷ್ಟೇ ಸಿಕ್ಕರೆ ಟ್ರೊಕೊಲೈಟಿಸ್‌ನ ಮರಿಯನ್ನು ಟಾರ್ಫಿಸೆರಾಸ್ ಅಂದುಬಿಡುವುದು ಸುಲಭ. ಆದ್ದರಿಂದ ಪ್ರತಿ ಅರ್ಧ ಸುತ್ತಿಗೂ ಒಂದು ಸಂಖ್ಯೆ ಬರೆದಿಡಿ: ಹೊಟ್ಟೆಯ ಅಂಚಿನಿಂದ ಕೊಳವೆಯ ನಡುವಿನವರೆಗಿನ ದೂರವನ್ನು ಅದೇ ಜಾಗದ ಸುತ್ತಿನ ಎತ್ತರದಿಂದ ಭಾಗಿಸಬೇಕು. 0ಗೆ ಹತ್ತಿರ ಬಂದರೆ ಹೊಟ್ಟೆ, 0.5 ನಡು, 1ಕ್ಕೆ ಹತ್ತಿರ ಬಂದರೆ ಬೆನ್ನು. ಸಂಖ್ಯೆಗಳು ಏರುತ್ತ ಹೋಗಿ 0.5 ದಾಟಿದರೆ ಟ್ರೊಕೊಲಿಟಿಡೆಯ ಕಡೆ ಯೋಚಿಸಿ. ಕೆಳಗೇ ನಿಂತರೆ ಟಾರ್ಫಿಸೆರಾಟಿಡೆ. ನಡುವಿನಲ್ಲೇ ನಿಂತು ಗೋಡೆ ತೆಳುವಿದ್ದರೆ ಬರಾಂಡಿಯೋಸೆರಿಡ್ ಪುಸ್ತಕ ತೆರೆಯಿರಿ.

ಹೊಟ್ಟೆ ಯಾವುದು ಎಂಬುದನ್ನು ಮಾತ್ರ ಊಹಿಸಬೇಡಿ. ಹೊರಚಿಪ್ಪಿನ ಬೆಳವಣಿಗೆ ಗೆರೆಗಳು ಯಾವ ಬದಿಯಲ್ಲಿ ಹಿಂದಕ್ಕೆ ಬಾಗಿ ಕಣಿವೆ ಮಾಡುತ್ತವೋ ಅದು ಹೊಟ್ಟೆ. ನೀರು ಚಿಮ್ಮುವ ಕೊಳವೆ ಹೊರಬರುತ್ತಿದ್ದ ಜಾಗ ಅದು. ಟಾರ್ಫಿಸೆರಿಡ್‌ಗಳಲ್ಲಿ ಆ ಕಣಿವೆ ಹೊರ ಅಂಚಿನಲ್ಲಿರುತ್ತದೆ. ಆರ್ಡೊವಿಸಿಯನ್ ನಂತರದ ಸಿಲೂರಿಯನ್ ಕಾಲದ ಫ್ರಾಗ್ಮೊಸೆರಾಸ್‌ನಂಥ ಡಿಸ್ಕೊಸೊರಿಡ್‌ಗಳಲ್ಲಿ (ಇನ್ನೊಂದು ನಾಟಿಲಾಯ್ಡ್ ಗಣ) ಒಳ ಅಂಚಿನಲ್ಲಿ. ಬರೀ ಬಾಗಿದ ತುಂಡು ಕೈಯಲ್ಲಿದ್ದಾಗ ಈ ಪರೀಕ್ಷೆ ಮಾಡದೆ ಮುಂದೆ ಹೋದರೆ ಕೊಳವೆಯ ಸ್ಥಾನ ತಲೆಕೆಳಗಾಗುತ್ತದೆ.

8. ಬಾಲ್ಟಿಕ್‌ದಂಡೆ

ತಾಲಿನ್‌ನಿಂದ ಬರೆಯುತ್ತಿದ್ದೇನೆ. ಎಸ್ಟೋನಿಯೊಸೆರಾಸ್ ಬಗ್ಗೆ ಒಂದಿಷ್ಟು ಸೇರಿಸಬೇಕು. ನೋಯೆಟ್ಲಿಂಗ್ 1883ರಲ್ಲಿ ಈ ದೇಶದ ಹೆಸರನ್ನೇ ಇಟ್ಟ ಕುಲ ಇದು. ಒಳಗಿನ ಸುತ್ತುಗಳು ಒಂದನ್ನೊಂದು ತಾಗದೆ ಬಿಡಿಬಿಡಿಯಾಗಿರುತ್ತವೆ, ನಡುವಿನ ಸಂದಿನಲ್ಲಿ ಕಲ್ಲು ತುಂಬಿರುತ್ತದೆ. ಸಡಿಲ ಸುತ್ತಿದ ಚಕ್ಕುಲಿಯ ಹಾಗೆ. ಕೊಳವೆ ಹೊರಬದಿಗೆ ಹತ್ತಿರ, ಆದರೆ ಅಂಚಿಗೆ ಅಂಟಿಕೊಂಡಿರಲೇಬೇಕೆಂದಿಲ್ಲ.

ಇಲ್ಲಿ ಆಗುವ ತಪ್ಪು ಏನೆಂದರೆ, ಟಾರ್ಫಿಸೆರಾಟಿಡ್‌ಗಳಲ್ಲೂ ಟ್ರೊಕೊಲಿಟಿಡ್‌ಗಳಲ್ಲೂ ಎಷ್ಟೋ ಪ್ರಭೇದಗಳಲ್ಲಿ ಪ್ರೌಢ ಚಿಪ್ಪಿನ ಕೊನೆಯ ಭಾಗ, ಪ್ರಾಣಿ ವಾಸವಿದ್ದ ಕೋಣೆ, ಸುರುಳಿಯಿಂದ ಬಿಟ್ಟುಕೊಂಡು ಹೊರಗೆ ಸರಿಯುತ್ತದೆ. ಆ ತುಂಡೊಂದೇ ಸಿಕ್ಕರೆ ಸಂದು ಕಾಣುತ್ತದೆ, ಒಡನೆ ಎಸ್ಟೋನಿಯೊಸೆರಾಸ್ ಅಂತ ಬರೆಯುತ್ತಾರೆ. ಪರೀಕ್ಷೆ ಸರಳ: ತುಂಡಿನ ಹಿಂದಿನ ತುದಿಯ ಒಳ ಅಂಚನ್ನು ಬೆರಳಿನಲ್ಲಿ ಸವರಿ. ಅಲ್ಲಿ ಒತ್ತಿದ ತಗ್ಗು ಸಿಕ್ಕರೆ ಆ ಚಿಪ್ಪು ಮೊದಲು ತಾಗಿಕೊಂಡೇ ಬೆಳೆದದ್ದು.

ಉತ್ತರ ಜರ್ಮನಿಯ ಬಯಲಿನಲ್ಲಿ ಸಿಗುವ ಮಾದರಿಗಳ ತೊಂದರೆ ಬೇರೆ. ಹಿಮನದಿಗಳು ಬಾಲ್ಟಿಕ್ ಕಡೆಯಿಂದ ಹೊತ್ತು ತಂದು ಹಾಕಿದ ಬಂಡೆಗಳಲ್ಲಿ ಅವು ಇರುತ್ತವೆ. ಅಂದರೆ ಮೂಲ ಪದರ ಯಾವುದು ಅನ್ನುವುದು ನೇರವಾಗಿ ತಿಳಿಯುವುದಿಲ್ಲ. ಅಂಥ ಬಂಡೆಯನ್ನು ಪೂರಾ ಸ್ವಚ್ಛ ಮಾಡಿ ಚಿಪ್ಪನ್ನಷ್ಟೇ ಉಳಿಸಿಕೊಳ್ಳುವುದು ದೊಡ್ಡ ತಪ್ಪು. ಸುತ್ತಲಿನ ಕಲ್ಲಿನಲ್ಲಿ ಟ್ರೈಲೊಬೈಟ್ (ಅಳಿದುಹೋದ ಸಂಧಿಪದಿ) ಚೂರು ಇರಬಹುದು. ಕಲ್ಲನ್ನು ಕರಗಿಸಿದರೆ ಕೊನೊಡಾಂಟ್ ಎಂಬ ಅಳಿದ ಕಡಲಪ್ರಾಣಿಯ ಸೂಕ್ಷ್ಮ ಹಲ್ಲು ಸಿಗಬಹುದು. ಕಾಲ ಹೇಳುವುದು ಅವೇ. ಮುಷ್ಟಿಯಷ್ಟು ಕಲ್ಲನ್ನಾದರೂ ಅದೇ ಸಂಖ್ಯೆ ಹಾಕಿ ಎತ್ತಿಡಿ.

9. ಸುತ್ತುಬಳಸು

ಲಿಟುಯಿಟಿಸ್ ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯ ಇದೆ. ಅಕಶೇರುಕ ಪಳೆಯುಳಿಕೆಗಳ 1964ರ ದೊಡ್ಡ ಕೈಪಿಡಿಯಲ್ಲಿ (‘ಟ್ರೀಟೈಸ್’) ಫರ್ನಿಶ್ ಮತ್ತು ಗ್ಲೆನಿಸ್ಟರ್ ಲಿಟುಯಿಟಿಡೆಯನ್ನು (ಲಿಟುಯಿಟಿಸ್‌ನ ಕುಟುಂಬ) ಟಾರ್ಫಿಸೆರಿಡಾ ಒಳಗೇ ಇಟ್ಟಿದ್ದರು. ಶುರುವಿನ ಭಾಗ ಸ್ಪಷ್ಟ ಸುರುಳಿ, ಆಮೇಲೆ ನೇರ. ಸುರುಳಿ ಸುತ್ತಿದ ಪೂರ್ವಜನಿಂದ ಬಂದು ಬೆಳೆಯುತ್ತ ಬಿಚ್ಚಿಕೊಂಡಿದೆ ಅಂತ ಓದಿದರೆ ಎಷ್ಟು ಸಹಜವಾಗಿ ಹೊಂದುತ್ತದೆ! ಈಗ ಅದನ್ನು ಕಿತ್ತು ನೇರ ಚಿಪ್ಪಿನ ಆರ್ಥೊಸೆರಿಡ್‌ಗಳ ಪಕ್ಕ ಕೂರಿಸಿರುವುದು ಅತಿಯಾಯಿತು ಅನ್ನಿಸುತ್ತದೆ.

10. ಬಾಲ್ಟಿಕ್‌ದಂಡೆ

ಆಕಾರವನ್ನಷ್ಟೇ ನೋಡಿದರೆ ನೀವು ಹೇಳುವುದು ಹೊಂದುತ್ತದೆ. ಒಳಗೆ ನೋಡಿದರೆ ಹೊಂದುವುದಿಲ್ಲ. ಲಿಟುಯಿಟಿಸ್‌ನ ನೇರ ಭಾಗವನ್ನು ನಡುಕೊಯ್ತ ಮಾಡಿದರೆ ಕೊಳವೆ ಸಪೂರ, ನೇರ ನಳಿಗೆ. ಗೋಡೆ ತೆಳು. ಕೋಣೆಗಳೊಳಗೆ ಅಡ್ಡಗೋಡೆಗಳಿಗೆ ಅಂಟಿಕೊಂಡು ಪ್ರಾಣಿ ಬದುಕಿದ್ದಾಗಲೇ ಸೇರಿಸಿದ ಸುಣ್ಣದ ಗಟ್ಟಿಗಳು ಇವೆ. ಉದ್ದನೆಯ ನೇರ ಚಿಪ್ಪನ್ನು ನೀರಿನಲ್ಲಿ ಅಡ್ಡವಾಗಿ ನಿಲ್ಲಿಸುವ ಭಾರ ಅದು. ಆರ್ಥೊಸೆರಿಡ್‌ಗಳ ಗುರುತೇ ಇದು. ಟಾರ್ಫಿಸೆರಿಡ್‌ಗಳ ಕೋಣೆಗಳು ಸಾಮಾನ್ಯವಾಗಿ ಖಾಲಿ.

ಇನ್ನೊಂದು, ಸಾಲಾಗಿ ಇಟ್ಟು ನೋಡಿ. ರಿಂಕೊರ್ಥೊಸೆರಾಸ್‌ನಲ್ಲಿ ತುದಿ ಬರೀ ಬಾಗಿದೆ. ಆನ್ಸಿಸ್ಟ್ರೊಸೆರಾಸ್‌ನಲ್ಲಿ ತುದಿಗೆ ಪುಟ್ಟ ಸುರುಳಿ, ಆಮೇಲೆ ಬೇಗ ಅಗಲವಾಗುವ ನೇರ ಭಾಗ. ಲಿಟುಯಿಟಿಸ್‌ನಲ್ಲಿ ದೊಡ್ಡ ಸುರುಳಿ, ಉದ್ದನೆಯ ನೇರ ದಂಡ. ಸೈಕ್ಲೊಲಿಟುಯಿಟಿಸ್‌ನಲ್ಲಿ ಹೆಚ್ಚುಕಡಿಮೆ ಪೂರಾ ಸುರುಳಿಯೇ. ನೇರ ಚಿಪ್ಪು ತುದಿಯಿಂದ ಸುತ್ತಿಕೊಳ್ಳುತ್ತ ಬಂದಿದೆ ಎಂದು ಓದಿದರೂ ಈ ಸಾಲು ಅಷ್ಟೇ ಸಹಜ. ಆಕಾರದ ಸಾಲು ಎರಡು ದಿಕ್ಕಿಗೂ ಓದಿಸಿಕೊಳ್ಳುತ್ತದೆ. ದಿಕ್ಕು ಹೇಳುವುದು ಕೊಳವೆ ಮತ್ತು ಕೋಣೆಯ ಗಟ್ಟಿಗಳು.

11. ಸುತ್ತುಬಳಸು

ಕೋಣೆಯ ಗಟ್ಟಿಗಳ ವಾದ ಒಪ್ಪುತ್ತೇನೆ. ಆದರೆ ಸೈಕ್ಲೊಲಿಟುಯಿಟಿಸ್‌ನ ಒಳಸುತ್ತುಗಳ ತುಂಡಷ್ಟೇ ಇದ್ದರೆ? ಗಟ್ಟಿಗಳು ಅಲ್ಲಿ ಕಾಣದೇ ಇರಬಹುದು.

12. ಬಾಲ್ಟಿಕ್‌ದಂಡೆ

ಆಗ ಕೊಳವೆಯ ಗೋಡೆಯೇ ಗತಿ. ಲಿಟುಯಿಟಿಡ್‌ಗಳಲ್ಲಿ ಕೊಳವೆ ನಡುವಿಗೂ ಬೆನ್ನಿಗೂ ಮಧ್ಯೆ, ಗೋಡೆ ತೆಳು. ಅದೇ ಗಾತ್ರದ ಟ್ರೊಕೊಲಿಟಿಡ್‌ನಲ್ಲಿ ಬೆನ್ನಿನ ಅಂಚಿಗೇ ಹತ್ತಿರ, ಗೋಡೆ ದಪ್ಪ. ಜೊತೆಗೆ ಬಾಯಂಚು ಸಿಕ್ಕರೆ ಕೆಲಸ ಹಗುರ: ಪ್ರೌಢ ಲಿಟುಯಿಟಿಡ್‌ಗಳ ಬಾಯಂಚಿನಲ್ಲಿ ಮುಂದಕ್ಕೆ ಚಾಚಿದ ನಾಲಿಗೆಗಳಿರುತ್ತವೆ. ಎರಡೂ ಇಲ್ಲದಿದ್ದರೆ ಕುಟುಂಬ ಬರೆಯಬಾರದು.

13. ಅಳತೆಪಟ್ಟಿ

ಸುರುಳಿಯ ಅಳತೆಗೆ ಇಷ್ಟು ಸಾಕು: ಒಟ್ಟು ವ್ಯಾಸ, ಹೊಕ್ಕುಳಿನ ಅಗಲ, ಸುತ್ತಿನ ಎತ್ತರ, ಸುತ್ತಿನ ಅಗಲ, ಮತ್ತು ಬಾಯೆತ್ತರ. ಬಾಯೆತ್ತರ ಅಂದರೆ ಹಿಂದಿನ ಸುತ್ತಿನ ಹೊರ ಅಂಚಿನಿಂದ ಈ ಸುತ್ತಿನ ಹೊರ ಅಂಚಿಗೆ ಇರುವ ದೂರ. ಒತ್ತಿದ ತಗ್ಗು ಎಷ್ಟಿದೆಯೋ ಅಷ್ಟು ಇದು ಸುತ್ತಿನ ಎತ್ತರಕ್ಕಿಂತ ಕಡಿಮೆ ಬರುತ್ತದೆ.

ಲೆಕ್ಕ ತೋರಿಸಲು ಒಂದು ಕಲ್ಪಿತ ಮಾದರಿ: ವ್ಯಾಸ 100 ಮಿ.ಮೀ., ಹೊಕ್ಕುಳು 45, ಸುತ್ತಿನ ಎತ್ತರ 32, ಅಗಲ 36, ಬಾಯೆತ್ತರ 30. ಹೊಕ್ಕುಳಿನ ಅನುಪಾತ 45/100, ಅಂದರೆ 0.45, ತೆರೆದ ಸುರುಳಿ. ಅಗಲಕ್ಕೂ ಎತ್ತರಕ್ಕೂ 36/32, ಅಂದರೆ 1.125, ಎತ್ತರಕ್ಕಿಂತ ತುಸು ಅಗಲವಾದ ಸುತ್ತು. ಒತ್ತಿನ ಅನುಪಾತ (32−30)/32, ಸುಮಾರು 0.06, ಅಂದರೆ ಸುತ್ತುಗಳು ತಾಗಿವೆ, ಆದರೆ ಅಪ್ಪಿಕೊಂಡಿಲ್ಲ. ಸುತ್ತಿನ ಹಿಗ್ಗುವಿಕೆಗೆ ವ್ಯಾಸವನ್ನು (ವ್ಯಾಸ − ಬಾಯೆತ್ತರ) ಇಂದ ಭಾಗಿಸಿ ವರ್ಗ ಮಾಡಬೇಕು: 100/70ರ ವರ್ಗ, ಸುಮಾರು 2.04. ಒಂದು ಪೂರ್ತಿ ಸುತ್ತಿಗೆ ಚಿಪ್ಪು ಎರಡು ಪಟ್ಟಾಗಿದೆ ಎಂದರ್ಥ.

ಈ ಅಳತೆಗಳನ್ನು ವಾಸದ ಕೋಣೆಯ ಬಿಚ್ಚಿಕೊಂಡ ಭಾಗದಲ್ಲಿ ತೆಗೆಯಬಾರದು. ಜಜ್ಜಿಹೋದ ಮಾದರಿಯಲ್ಲಿ ಎಡಪಕ್ಕ ಬಲಪಕ್ಕ ಬೇರೆಯಾಗಿ ಅಳೆದು ವ್ಯತ್ಯಾಸವನ್ನೂ ಬರೆಯಬೇಕು. ಸಿಲೂರಿಯನ್‌ನ ಪೀಸ್ಮೊಸೆರಾಸ್, ಲೆಕ್ರಿಟ್ರೊಕೊಸೆರಾಸ್ ಥರದವುಗಳಲ್ಲಿ ಇನ್ನೂ ಎಚ್ಚರ ಬೇಕು. ಅವು ಒಂದೇ ಸಮತಲದಲ್ಲಿ ಸುತ್ತದೆ ಬಸವನಹುಳುವಿನ ಹಾಗೆ ಒಂದು ಬದಿಗೆ ಏರುತ್ತ ಹೋಗುತ್ತವೆ. ಅವಕ್ಕೆ ಈ ಸೂತ್ರ ನೇರವಾಗಿ ಕೂರುವುದಿಲ್ಲ, ಮತ್ತು ಒಂದೇ ನಡುಕೊಯ್ತ ಎಲ್ಲ ಸುತ್ತುಗಳ ನಡುವೆ ಹಾಯುವುದೂ ಇಲ್ಲ. ಜಜ್ಜಿ ವಾಲಿದ ಸಮತಲ ಸುರುಳಿಯನ್ನು ಏರುಸುರುಳಿ ಎಂದು ವಿವರಿಸಿಬಿಡುವ ಅಪಾಯವೂ ಇದೆ. ಅದೇ ಪದರದ ಬೇರೆ ಮಾದರಿಗಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿದ್ದರೆ ಮೊದಲು ಕಲ್ಲಿನ ಒತ್ತಡವನ್ನು ಅನುಮಾನಿಸಿ.

14. ಹೊಕ್ಕುಳಗೆರೆ

ಗಣಕ್ಕಿಂತ ಮೇಲಿನ ಹಂತದಲ್ಲಿ ಈಗ ಯಾವುದನ್ನು ಅನುಸರಿಸಬೇಕು? 2019ರಲ್ಲಿ ಕಿಂಗ್ ಮತ್ತು ಇವಾನ್ಸ್ ನಾಟಿಲಾಯ್ಡ್‌ಗಳನ್ನು ಐದು ಉಪವರ್ಗ ಮಾಡಿದ್ದಾರೆ. 2022ರ ವಿಶ್ಲೇಷಣೆ ಬೇರೆ ಹೇಳುತ್ತದೆ.

15. ಶಿಲಾಸುರುಳಿ

2019ರ ಪ್ರಸ್ತಾಪದ ಆಧಾರ ಸ್ನಾಯು ಅಂಟಿದ ಗುರುತುಗಳು. ಪ್ರಾಣಿಯನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯು ವಾಸದ ಕೋಣೆಯ ಹಿಂಭಾಗದಲ್ಲಿ, ಕೊನೆಯ ಅಡ್ಡಗೋಡೆಯ ಸ್ವಲ್ಪ ಮುಂದೆ, ಉಂಗುರದ ಹಾಗೆ ತೆಳು ಪಟ್ಟಿ ಬಿಡುತ್ತದೆ. ಆ ಪಟ್ಟಿ ಎಲ್ಲಿ ಅಗಲವಾಗುತ್ತದೆ ಎಂಬುದೇ ಲಕ್ಷಣ. ಟಾರ್ಫಿಸೆರಿಡ್‌ಗಳಲ್ಲಿ ಹೊಟ್ಟೆಯ ಬದಿ, ಆರ್ಥೊಸೆರಿಡ್‌ಗಳಲ್ಲಿ ಬೆನ್ನಿನ ಬದಿ, ನಾಟಿಲಿಡ್‌ಗಳಲ್ಲಿ ಎರಡು ಪಕ್ಕ. ಆಂಕೊಸೆರಿಡ್‌ಗಳಲ್ಲಿ ಸುತ್ತಲೂ ಸಣ್ಣ ಸಣ್ಣ ಗುರುತುಗಳ ಸಾಲು. ಹಾಗಾಗಿ ಅವರ ಐದು ಉಪವರ್ಗಗಳಲ್ಲಿ ಟಾರ್ಫಿಸೆರಾಟಿಯಾ ಒಂದು ಸ್ವತಂತ್ರ ಉಪವರ್ಗ. ಹ್ಯಾರಿ ಮುಟ್ವೈ 1957ರಿಂದಲೂ ಈ ಗುರುತುಗಳ ಮೇಲೆ ಕೆಲಸ ಮಾಡಿದವರು.

2022ರಲ್ಲಿ ಅಲೆಕ್ಸಾಂಡರ್ ಪೋಲೆ ಮತ್ತು ಜೊತೆಗಾರರು ಆರ್ಡೊವಿಸಿಯನ್ನಿನ ಮತ್ತು ಅದರ ಹಿಂದಿನ ಕೇಂಬ್ರಿಯನ್ ಕಾಲದ ಸೆಫಲೊಪಾಡ್‌ಗಳ (ನಾಟಿಲಾಯ್ಡ್, ಅಮ್ಮೊನಾಯ್ಡ್, ಆಕ್ಟೋಪಸ್ ಸೇರಿದ ದೊಡ್ಡ ವರ್ಗ) ಲಕ್ಷಣಗಳನ್ನು ಒಟ್ಟಿಗೆ ಹಾಕಿ ಬೇಸಿಯನ್ ಎಂಬ ಸಂಭವನೀಯತೆಯ ಲೆಕ್ಕದ ವಿಧಾನದಲ್ಲಿ ವಂಶವೃಕ್ಷ ಕಟ್ಟಿದರು. ಅಲ್ಲಿ ಎಂಡೊಸೆರಾಟೊಯ್ಡಿಯ, ಮಲ್ಟಿಸೆರಾಟೊಯ್ಡಿಯ, ಆರ್ಥೊಸೆರಾಟೊಯ್ಡಿಯ ಎಂಬ ಮೂರು ದೊಡ್ಡ ಕೊಂಬೆಗಳು. ಟಾರ್ಫಿಸೆರಿಡ್‌ಗಳು ಆಂಕೊಸೆರಿಡ್, ಡಿಸ್ಕೊಸೊರಿಡ್‌ಗಳ ಜೊತೆ ಮಲ್ಟಿಸೆರಾಟೊಯ್ಡಿಯದೊಳಗೆ ಬೀಳುತ್ತವೆ.

ನನ್ನ ಅಭಿಪ್ರಾಯ: ಸ್ನಾಯು ಗುರುತು ಒಳ್ಳೆಯ ಲಕ್ಷಣ, ಆದರೆ ಅದು ಉಳಿದಿರುವ ಮಾದರಿಗಳು ತೀರಾ ಕಡಿಮೆ. ಒಂದೆರಡು ಕುಲಗಳಲ್ಲಿ ಕಂಡದ್ದನ್ನು ಇಡೀ ಗಣಕ್ಕೆ ಹರಡುತ್ತೇವೆ. ಮಾದರಿ ವಿವರಿಸುವವರು ಗಣ, ಕುಟುಂಬದ ಮಟ್ಟದಲ್ಲಿ ನಿಲ್ಲಲಿ. ಉಪವರ್ಗ ಬರೆಯಲೇಬೇಕಾದರೆ ಯಾವ ವರ್ಷದ ವಿಂಗಡಣೆ ಎಂದು ನಮೂದಿಸಲಿ. ಗುರುತು ಹುಡುಕುವುದಂತೂ ಕಡ್ಡಾಯ. ವಾಸದ ಕೋಣೆಯ ಒಳ ಅಚ್ಚನ್ನು ಒದ್ದೆ ಮಾಡಿ, ಕತ್ತಲಲ್ಲಿ ಟಾರ್ಚ್ ಅನ್ನು ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ಸುತ್ತಲೂ ತಿರುಗಿಸಿ. ಕೂದಲೆಳೆಯಷ್ಟು ಎತ್ತರದ ಗೆರೆಯೂ ಆಗ ನೆರಳು ಬಿಡುತ್ತದೆ. ಗುರುತು ಕಂಡರೆ ಆ ಭಾಗವನ್ನು ಯಾವ ಕಾರಣಕ್ಕೂ ಕೊಯ್ಯಬೇಡಿ.

ಹೆಸರಿನ ಗೊಂದಲ ಇನ್ನೊಂದು: ಟಾರ್ಫಿಸೆರಿಡಾ, ಟಾರ್ಫಿಸೆರಾಟಿಡಾ ಎರಡೂ ಒಂದೇ ಗಣ. ಗ್ರೀಕಿನ ‘ಕೆರಾಸ್’, ಕೊಂಬು ಎಂಬ ಪದದ ಷಷ್ಠಿ ರೂಪ ‘ಕೆರಾಟೋಸ್’. ಅದನ್ನು ಹಿಡಿದವರು ಉದ್ದದ ರೂಪ ಬರೆಯುತ್ತಾರೆ. ಪ್ರಾಣಿನಾಮಕರಣ ಸಂಹಿತೆ ಗಣದ ಹೆಸರುಗಳನ್ನು ಕಟ್ಟಿಹಾಕುವುದಿಲ್ಲ, ಹಾಗಾಗಿ ಎರಡೂ ಚಾಲ್ತಿಯಲ್ಲಿವೆ. ಕುಟುಂಬದ ಹೆಸರಿಗೆ ಮಾತ್ರ ಸಂಹಿತೆಯ ನಿಯಮ ಅನ್ವಯ.

16. ಬೆಟ್ಟದತಪ್ಪಲು

ಕರ್ನಾಟಕದಲ್ಲಿ ಇಂಥವು ಸಿಗುತ್ತವೆಯೇ? ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಅಲ್ಲವೇ?

17. ಸಾಣೆಕಲ್ಲು

ಸುಣ್ಣಕಲ್ಲು ಹೌದು, ಆದರೆ ಭೀಮಾ ಕಣಿವೆಯ ಆ ಪದರಗಳು ಪ್ರೊಟೆರೊಜೊಯಿಕ್. ಕೋಣೆಗಳಿರುವ ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೆ ಮೊದಲಿನವು. ಕಲಾದಗಿ ಪದರಗಳೂ ಹಾಗೆಯೇ. ಅಲ್ಲಿ ಹುಡುಕಬೇಕಾದ್ದು ಸ್ಟ್ರೊಮಟೊಲೈಟ್, ಅಂದರೆ ಸೂಕ್ಷ್ಮಜೀವಿಗಳು ಕಟ್ಟಿದ ಪದರುಗಲ್ಲು.

ಸುರುಳಿ ನಾಟಿಲಾಯ್ಡ್ ನೋಡಬೇಕೆಂದರೆ ನಮಗೆ ಹತ್ತಿರದ ಜಾಗ ತಮಿಳುನಾಡಿನ ಅರಿಯಲೂರು, ತಿರುಚಿನಾಪಳ್ಳಿ ಸೀಮೆಯ ಕ್ರಿಟೇಶಿಯಸ್ ಪದರಗಳು. ಪುದುಚೇರಿ ಕಡೆಯವನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲೂ, ಅರಿಯಲೂರು ಕಡೆಯವನ್ನು ಬ್ಲಾನ್‌ಫೋರ್ಡ್ 1861ರಿಂದಲೂ ವಿವರಿಸಿದ್ದಾರೆ. ಯೂಟ್ರೆಫೊಸೆರಾಸ್, ಸೈಮಟೊಸೆರಾಸ್ ಅಲ್ಲಿವೆ. ನಿನಿಯೂರಿನ ಪದರದಲ್ಲಿ ಹರ್ಕೊಗ್ಲೊಸಾ ಡಾನಿಕಾ ಸಿಗುತ್ತದೆ, ಆ ಪದರ ಡೈನೊಸಾರ್‌ಗಳು ಅಳಿದ ನಂತರದ ಡೇನಿಯನ್ ಕಾಲದ್ದು. ಇವೆಲ್ಲ ನಾಟಿಲಿಡಾ ಗಣ, ಟಾರ್ಫಿಸೆರಿಡ್ ಅಲ್ಲ. ಆದರೂ ಕೊಳವೆಯ ಸ್ಥಾನ ಅಳೆಯುವ ಅಭ್ಯಾಸಕ್ಕೆ ತುಂಬ ಒಳ್ಳೆಯವು. ಅಂಗಡಿಗಳಲ್ಲಿ ಸಿಗುವ ಮಡಗಾಸ್ಕರ್‌ನ ಕೊಯ್ದು ಹೊಳಪಿಸಿದ ‘ನಾಟಿಲಸ್’ ಜೋಡಿಗಳೂ ಸೈಮಟೊಸೆರಾಸ್ ಥರದವೇ. ಮೊರಾಕ್ಕೊದ ಕಪ್ಪು ಕಲ್ಲಿನ ಫಲಕಗಳಲ್ಲಿ ನೇರ ಕೋಲುಗಳ ಜೊತೆ ಕಾಣುವ ಸುರುಳಿಗಳು ಮಾತ್ರ ಡೆವೋನಿಯನ್ ಅಮ್ಮೊನಾಯ್ಡ್‌ಗಳು. ಎಷ್ಟೋ ಫಲಕಗಳಲ್ಲಿ ತುಂಡುಗಳನ್ನು ಕೂಡಿಸಿ ಅಂಟಿಸಿರುತ್ತಾರೆ, ವರ್ಗೀಕರಣದ ಅಭ್ಯಾಸಕ್ಕೆ ಬೇಡ.

18. ಹೊಕ್ಕುಳಗೆರೆ

ಕೊನೆಯದಾಗಿ ಒಂದು ನಿಜವಾದ ಮಾದರಿಯ ಪ್ರಶ್ನೆ. ಅಧ್ಯಯನ ಸಂಗ್ರಹದ ಒಂದು ತುಂಡು: ಆರ್ಡೊವಿಸಿಯನ್ ಸುಣ್ಣಕಲ್ಲು, ಒಂದೂವರೆ ಸುತ್ತು, ಒಳಸುತ್ತುಗಳು ಕರಗಿಹೋಗಿವೆ. ಹೊರಸುತ್ತಿನ ಒಡೆದ ತುದಿಯಲ್ಲಿ ಕೊಳವೆಯ ಸ್ಥಾನ 0.15. ಒತ್ತಿದ ತಗ್ಗು ಇದೆ. ಗೋಡೆ ಪೂರಾ ಹರಳಾಗಿದೆ, ಪದರ ಕಾಣುವುದಿಲ್ಲ. ಚೀಟಿಯಲ್ಲಿ ಏನು ಬರೆಯಲಿ?

19. ಶಿಲಾಸುರುಳಿ

0.15 ಅಂದರೆ ಹೊಟ್ಟೆಯ ಬದಿ, ಅದೂ ಬೆಳೆದ ಸುತ್ತಿನಲ್ಲಿ. ಹಾಗಾಗಿ ಟ್ರೊಕೊಲಿಟಿಡೆ ಬಿಟ್ಟುಹೋಯಿತು. ಒತ್ತಿದ ತಗ್ಗು ಇರುವುದರಿಂದ ಎಸ್ಟೋನಿಯೊಸೆರಾಟಿಡೆ ಕೂಡ ಹೋಯಿತು. ಉಳಿದದ್ದು ಟಾರ್ಫಿಸೆರಾಟಿಡೆ. ಆದರೆ ಗೋಡೆ ನೋಡಲು ಆಗದ್ದರಿಂದ ತೆಳುಗೋಡೆಯ ಗುಂಪನ್ನು ಪೂರ್ತಿ ತಳ್ಳಿಹಾಕಲಾಗದು. ಬೆಳವಣಿಗೆ ಗೆರೆಯ ಕಣಿವೆ ಹೊರ ಅಂಚಿನಲ್ಲೇ ಇದೆಯೇ ಅಂತ ಒಮ್ಮೆ ನೋಡಿ. ಇದ್ದರೆ ಹೀಗೆ ಬರೆಯಿರಿ: ‘ಟಾರ್ಫಿಸೆರಿಡಾ, ಟಾರ್ಫಿಸೆರಾಟಿಡೆ?; ಕುಲ, ಪ್ರಭೇದ ಅನಿಶ್ಚಿತ. ಕೊಳವೆಯ ಸ್ಥಾನ 0.15 (ಹೊರಸುತ್ತು, ಒಡೆದ ತುದಿ). ಗೋಡೆ ಹರಳಾಗಿದೆ, ರಚನೆ ಕಾಣದು. ಕೊಯ್ದಿಲ್ಲ.’ ಆ ಕೊನೆಯ ಪದವನ್ನು ಬಿಡಬೇಡಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರಿಗೆ ಮೊದಲು ಬೇಕಾಗುವ ಮಾಹಿತಿ ಅದು.

20. ಸಾಣೆಕಲ್ಲು

ಒಡೆದ ತುದಿಯಿಂದ ಎರಡನೆಯ ಅಥವಾ ಮೂರನೆಯ ಕೋಣೆಯಲ್ಲಿ ಗೋಡೆ ಚೆನ್ನಾಗಿ ಉಳಿದಿರಬಹುದು, ಹೊರತುದಿಗೆ ನೀರು ಹೆಚ್ಚು ತಾಗಿರುತ್ತದೆ. ಕೊಯ್ಯುವ ಅನುಮತಿ ಸಿಕ್ಕರೆ ಆ ತುದಿಯ 15 ಮಿ.ಮೀ. ಮಾತ್ರ ತೆಗೆದು ನಡುವಿಗೆ ಉಜ್ಜಿ ನೋಡಿ. ಉಳಿದದ್ದು ಹಾಗೇ ಇರಲಿ.